ಪುಸ್ತಕ ಎಣಿಸಬೇಕೋ, ಪುಟ ಎಣಿಸಬೇಕೋ? ಹೊಸ ವರ್ಷದ ರೀಡಿಂಗ್ ಚಾಲೆಂಜ್‌ಗಳ ವಿಮರ್ಶೆ

ಜನವರಿ ಬಂತೆಂದರೆ ಓದುವವರ ನಡುವೆ ಒಂದೊಂದು ಸಂಖ್ಯೆ ಓಡಾಡತೊಡಗುತ್ತದೆ. ಕೆಲವರಿಗೆ 12, ಕೆಲವರಿಗೆ 24, ಹುರುಪು ಜಾಸ್ತಿಯಿದ್ದವರಿಗೆ 52 ಅಥವಾ 100. ಆ ಸಂಖ್ಯೆಯನ್ನು ಬರೆಸಿಕೊಂಡು ವರ್ಷವಿಡೀ ಲೆಕ್ಕ ಇಟ್ಟುಕೊಡುವ ಆ್ಯಪ್‌ಗಳಿಗೆ ಈಗ ಬರವಿಲ್ಲ. ಇಲ್ಲಿ ತೂಗಿ ನೋಡಿರುವುದು ಹೆಚ್ಚು ಚಾಲ್ತಿಯಲ್ಲಿರುವ ಕೆಲವನ್ನು ಮಾತ್ರ: ಗುಡ್‌ರೀಡ್ಸ್, ಸ್ಟೋರಿಗ್ರಾಫ್, ಆ್ಯಪಲ್ ಬುಕ್ಸ್, ಬುಕ್ ರಯಟ್ ಮತ್ತು ಪಾಪ್‌ಶುಗರ್ ಜಾಲತಾಣಗಳವರ ಪಟ್ಟಿ ಚಾಲೆಂಜ್‌ಗಳು, ಜೊತೆಗೆ ಯಾರ ಹಂಗೂ ಇಲ್ಲದ ಒಂದು ಸ್ಪ್ರೆಡ್‌ಶೀಟ್.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಾಲೆಂಜ್ ಯಾವುದನ್ನು ಎಣಿಸುತ್ತದೋ ನಿಮ್ಮ ಓದು ಅದರ ಕಡೆಗೇ ವಾಲುತ್ತದೆ. ಪುಸ್ತಕ ಎಣಿಸಿದರೆ ತೆಳ್ಳಗಿನವು ಕೈಗೆ ಬರುತ್ತವೆ. ದಿನ ಎಣಿಸಿದರೆ ಮಲಗುವ ಮುಂಚೆ ಎರಡು ಪುಟ ತಿರುವಿ ಹಾಜರಿ ಹಾಕುವ ಚಾಳಿ ಬೆಳೆಯುತ್ತದೆ. ವಿಷಯಗಳ ಪಟ್ಟಿ ಕೊಟ್ಟರೆ ಪಟ್ಟಿಗೆ ಹೊಂದುವ ಪುಸ್ತಕ ಹುಡುಕುವುದೇ ಹವ್ಯಾಸವಾಗಿ, ಓದು ಹಿಂದೆ ಸರಿಯುತ್ತದೆ. ಈ ಮೂರಕ್ಕಿಂತ ಕಡಿಮೆ ಕೆಡಿಸುವುದು ಪುಟಗಳ ಲೆಕ್ಕ. ಅದಕ್ಕೆ ಇವತ್ತು ಸಿಗುವ ಆ್ಯಪ್‌ಗಳಲ್ಲಿ ಸ್ಟೋರಿಗ್ರಾಫ್ ಮುಂದಿದೆ. ಗೆಳೆಯರ ಗುಂಪಿನ ಗದ್ದಲವೇ ಬೇಕೆಂದರೆ ಗುಡ್‌ರೀಡ್ಸ್ ಅನಿವಾರ್ಯ.

ಸಂಖ್ಯೆ ಬರೆಯುವ ಮೊದಲು

ಆ್ಯಪ್‌ಗಳು ನಿಮ್ಮನ್ನು ಗುರಿ ಎಷ್ಟೆಂದು ಕೇಳುತ್ತವೆಯೇ ಹೊರತು ದಿನಕ್ಕೆಷ್ಟು ಹೊತ್ತು ಸಿಗುತ್ತದೆಂದು ಕೇಳುವುದಿಲ್ಲ. ಆ ಲೆಕ್ಕ ನಾವೇ ಮಾಡಿಕೊಳ್ಳಬೇಕು. 365 ದಿನವೂ ಓದುತ್ತೇವೆಂದು ನಂಬುವುದು ಬೇಡ. ಕಾಯಿಲೆ, ಪ್ರಯಾಣ, ಕೆಲಸದ ಒತ್ತಡ ಕಳೆದು 300 ದಿನ ಎಂದಿಟ್ಟುಕೊಳ್ಳಿ. ಪುಸ್ತಕದ ಸರಾಸರಿ ಗಾತ್ರವೂ 300 ಪುಟ ಎಂದುಕೊಂಡರೆ ಲೆಕ್ಕ ಬಾಯಲ್ಲೇ ಆಗುತ್ತದೆ: ವರ್ಷಕ್ಕೆ ಎಷ್ಟು ಪುಸ್ತಕವೋ ದಿನಕ್ಕೆ ಅಷ್ಟು ಪುಟ. 12 ಪುಸ್ತಕಕ್ಕೆ ದಿನಕ್ಕೆ 12 ಪುಟ, 52ಕ್ಕೆ 52 ಪುಟ.

ಇದನ್ನು ನಿಮಿಷಕ್ಕೆ ಇಳಿಸೋಣ. ಮನಸ್ಸಿನಲ್ಲೇ ಓದಿಕೊಳ್ಳುವ ವೇಗದ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಮನಶ್ಶಾಸ್ತ್ರಜ್ಞ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ಒಟ್ಟುಗೂಡಿಸಿ ನೋಡಿದರು. ಇಂಗ್ಲಿಷ್ ಓದುವ ವಯಸ್ಕರಿಗೆ ಸಿಕ್ಕ ಸರಾಸರಿ, ಕಥೆಯಲ್ಲದ ಬರಹಕ್ಕೆ ನಿಮಿಷಕ್ಕೆ 238 ಪದ, ಕಥೆ-ಕಾದಂಬರಿಗೆ 260. ಪುಟಕ್ಕೆ 275 ಪದ ಎಂದು ಹಿಡಿದು 238ರ ವೇಗದಲ್ಲಿ ಲೆಕ್ಕ ಹಾಕಿದರೆ ಪುಟಕ್ಕೆ ಸುಮಾರು 1 ನಿಮಿಷ 10 ಸೆಕೆಂಡು. ಅಂದರೆ 12ರ ಗುರಿಗೆ ದಿನಕ್ಕೆ 14 ನಿಮಿಷ, 24ಕ್ಕೆ 28 ನಿಮಿಷ, 52ಕ್ಕೆ ಸರಿಯಾಗಿ ಒಂದು ಗಂಟೆ. 52 ಎಂದು ಬರೆದವರಲ್ಲಿ ಹಲವರು ಬರೆದದ್ದು ದಿನಕ್ಕೊಂದು ಗಂಟೆಯ ಕರಾರು ಎಂಬುದು ಫೆಬ್ರವರಿಯಲ್ಲಿ ಗೊತ್ತಾಗುತ್ತದೆ.

ಈ ಅಂಕಿಯನ್ನು ಕನ್ನಡಕ್ಕೆ ಹಾಗೇ ಎತ್ತಿ ಹಾಕುವಂತಿಲ್ಲ. ವಿಭಕ್ತಿ, ಸಂಧಿ, ಸಮಾಸ ಎಲ್ಲ ಪದಕ್ಕೇ ಅಂಟಿಕೊಳ್ಳುವ ಭಾಷೆಯಲ್ಲಿ ಒಂದು ಪದದೊಳಗೆ ಹೆಚ್ಚು ಸರಕು ಇರುತ್ತದೆ, ಪುಟದಲ್ಲಿ ಪದಗಳ ಸಂಖ್ಯೆ ಕಡಿಮೆಯಿರುತ್ತದೆ. ಆದ್ದರಿಂದ ಪದಗಳನ್ನು ಬಿಟ್ಟು ಪುಟಗಳನ್ನೇ ಅಳೆಯಿರಿ. ಒಂದು ಕಾದಂಬರಿ, ಒಂದು ವೈಚಾರಿಕ ಪುಸ್ತಕ, ನಿಮಗೆ ಸ್ವಲ್ಪ ಕಷ್ಟವೆನಿಸುವ ಇನ್ನೊಂದು, ಈ ಮೂರನ್ನು ತಲಾ 15 ನಿಮಿಷ ಮಾಮೂಲಿನಂತೆ ಓದಿ ಎಷ್ಟು ಪುಟ ಆಯಿತೆಂದು ಗುರುತು ಮಾಡಿಕೊಳ್ಳಿ. ಮೊದಲ ಐದು ಪುಟ ಲೆಕ್ಕಕ್ಕೆ ಬೇಡ, ಪುಸ್ತಕದ ಹದ ಹಿಡಿಯಲು ಅಷ್ಟು ಬೇಕಾಗುತ್ತದೆ. ಮೂರರ ಸರಾಸರಿಯ ಬದಲು ಎಲ್ಲಕ್ಕಿಂತ ಕಡಿಮೆ ಬಂದ ಅಂಕಿಯನ್ನೇ ಗುರಿಗೆ ಬಳಸಿ.

ಕೇಳು ಪುಸ್ತಕದವರಿಗೆ ಬೇರೆಯೇ ಲೆಕ್ಕ. ಇಂಗ್ಲಿಷ್ ಆಡಿಯೋಬುಕ್ ವಾಚನದ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 150ರಿಂದ 160 ಪದ. ಮೇಲೆ ಹೇಳಿದ 300 ಪುಟದ ಪುಸ್ತಕ ಹೆಚ್ಚುಕಡಿಮೆ 9 ಗಂಟೆ ಹಿಡಿಯುತ್ತದೆ, 1.5 ಪಟ್ಟು ವೇಗದಲ್ಲಿ 6 ಗಂಟೆ. ಕಣ್ಣಲ್ಲಿ ಓದಿದರೂ ಸುಮಾರು ಅಷ್ಟೇ ಹೊತ್ತು. ಕೇಳುವುದು ಅಡ್ಡದಾರಿ ಎಂಬ ದೂರಿಗೆ ಈ ಗಣಿತದಲ್ಲಿ ಆಧಾರವಿಲ್ಲ.

ಗುಡ್‌ರೀಡ್ಸ್

2007ರ ಜನವರಿಯಲ್ಲಿ ಶುರುವಾದ ತಾಣ, 2013ರಲ್ಲಿ ಅಮೆಜಾನ್ ಪಾಲಾಯಿತು. ವಾರ್ಷಿಕ ಚಾಲೆಂಜ್ 2011ರಿಂದ ನಡೆಯುತ್ತಿದೆ. ನಿಯಮ ಒಂದೇ ಸಾಲಿನದ್ದು: ಒಂದು ಸಂಖ್ಯೆ ಹಾಕಿ, ಓದಿ ಮುಗಿಸಿದ ಪುಸ್ತಕಗಳನ್ನು ಅದು ಎಣಿಸುತ್ತದೆ. ವರ್ಷದ ನಡುವೆ ಯಾವಾಗ ಬೇಕಾದರೂ ಸಂಖ್ಯೆಯನ್ನು ಏರಿಸಬಹುದು, ಇಳಿಸಬಹುದು. ಇಳಿಸಿದ್ದಕ್ಕೆ ಯಾವ ದಂಡವೂ ಇಲ್ಲ, ಹಾಗಾಗಿ ಇಳಿಸಲು ನಾಚಬೇಕಿಲ್ಲ.

ಇಲ್ಲಿ ಎಡವುವುದು ಹೆಚ್ಚಾಗಿ ತಾರೀಕಿನಲ್ಲಿ. ಪುಸ್ತಕ ಚಾಲೆಂಜ್‌ಗೆ ಸೇರುವುದು ಅದು ‘ರೀಡ್’ ಶೆಲ್ಫ್‌ನಲ್ಲಿ (ಓದಿದ ಪುಸ್ತಕಗಳ ಪಟ್ಟಿಯಲ್ಲಿ) ಇದೆ ಎಂಬ ಕಾರಣಕ್ಕಲ್ಲ, ಓದಿ ಮುಗಿಸಿದ ದಿನಾಂಕ ಆ ವರ್ಷದ್ದು ಎಂಬ ಕಾರಣಕ್ಕೆ. ದಿನಾಂಕ ಖಾಲಿ ಇದ್ದರೆ ಪುಸ್ತಕ ಶೆಲ್ಫ್‌ನಲ್ಲಿ ಕಾಣುತ್ತದೆ, ಎಣಿಕೆಯಲ್ಲಿ ಕಾಣುವುದಿಲ್ಲ. ಇದರ ತಿರುವುಮುರುವೂ ಆಗುತ್ತದೆ: ಹತ್ತು ವರ್ಷದ ಹಿಂದೆ ಓದಿದ್ದನ್ನು ಇವತ್ತು ಶೆಲ್ಫ್‌ಗೆ ಸೇರಿಸುವಾಗ ಮುಗಿಸಿದ ದಿನ ಇವತ್ತಿನದೇ ಕೂತುಬಿಟ್ಟರೆ ಈ ವರ್ಷದ ಲೆಕ್ಕ ಒಂದು ಸುಮ್ಮಸುಮ್ಮನೆ ಏರುತ್ತದೆ. ಎಣಿಕೆ ತಪ್ಪಿದೆ ಎನಿಸಿದಾಗ ಬೇರೆಲ್ಲೂ ಹುಡುಕದೆ ಮೊದಲು ಆ ಪುಸ್ತಕದ ವಿಮರ್ಶೆ ತಿದ್ದುವ ಪುಟಕ್ಕೆ ಹೋಗಿ ದಿನಾಂಕ ನೋಡಿ. ಮರುಓದಿಗೂ ಅಲ್ಲೇ ದಾರಿಯಿದೆ, ಹಳೆಯ ದಿನಾಂಕವನ್ನು ಅಳಿಸದೆ ಇನ್ನೊಂದು ಓದಿನ ದಿನಾಂಕ ಸೇರಿಸಬೇಕು. ಹಳೆಯದನ್ನೇ ತಿದ್ದಿದರೆ ಹಿಂದಿನ ವರ್ಷದ ಲೆಕ್ಕದಿಂದ ಒಂದು ಪುಸ್ತಕ ಮಾಯವಾಗುತ್ತದೆ.

ಅರ್ಧಕ್ಕೆ ಬಿಟ್ಟ ಪುಸ್ತಕಗಳನ್ನು ‘ಕರೆಂಟ್ಲಿ ರೀಡಿಂಗ್’ನಲ್ಲಿ ಕೊಳೆಯಲು ಬಿಡಬೇಡಿ. ವೆಬ್‌ಸೈಟಿನಲ್ಲಿ ಶೆಲ್ಫ್ ತಿದ್ದುವ ಪುಟಕ್ಕೆ ಹೋಗಿ ಒಂದು ಹೊಸ ಶೆಲ್ಫ್ ಮಾಡಿ, ಅದರ ಮುಂದೆ ‘ಎಕ್ಸ್‌ಕ್ಲೂಸಿವ್’ ಎಂಬುದಕ್ಕೆ ಟಿಕ್ ಹಾಕಿ. ಆ ಟಿಕ್ ಇಲ್ಲದಿದ್ದರೆ ಪುಸ್ತಕ ಹೊಸ ಶೆಲ್ಫ್‌ನಲ್ಲೂ ಇರುತ್ತದೆ, ಹಳೆಯದರಲ್ಲೂ ಇರುತ್ತದೆ, ಮಾಡಿದ ಕೆಲಸ ದಂಡ. ಎಕ್ಸ್‌ಕ್ಲೂಸಿವ್ ಶೆಲ್ಫ್‌ನಲ್ಲಿದ್ದರೆ ಉಳಿದ ಮೂಲ ಶೆಲ್ಫ್‌ಗಳಿಂದ ತಾನಾಗಿ ಹೊರಬರುತ್ತದೆ, ಚಾಲೆಂಜ್‌ಗೂ ಸೇರುವುದಿಲ್ಲ.

ಇನ್ನು ಅದರ ದೊಡ್ಡ ದೋಷ. ಗುಡ್‌ರೀಡ್ಸ್‌ಗೆ 60 ಪುಟದ ಪುಸ್ತಕವೂ ಒಂದೇ, 1,200 ಪುಟದ್ದೂ ಒಂದೇ. ಅದರ ಮೇಲೆ ‘ನೀವು ಇಷ್ಟು ಪುಸ್ತಕ ಹಿಂದಿದ್ದೀರಿ’ ಎಂಬ ಸಾಲು. ಈ ಲೆಕ್ಕ ವರ್ಷವನ್ನು ಸಮನಾಗಿ ಕತ್ತರಿಸಿ ಹಾಕಿದ್ದು. ಗುರಿ 24 ಇದ್ದರೆ 15 ದಿನಕ್ಕೊಂದು ಪುಸ್ತಕ ಬೀಳಬೇಕು. ಜನವರಿ 1ಕ್ಕೆ 900 ಪುಟದ ಕಾದಂಬರಿ ಹಿಡಿದು ದಿನಕ್ಕೆ 24 ಪುಟದಂತೆ ಒಂದು ದಿನವೂ ತಪ್ಪದೆ ಓದಿದವರಿಗೆ ಫೆಬ್ರವರಿ 7ರ ಹೊತ್ತಿಗೆ ಅದು ಮುಗಿಯುತ್ತದೆ. ಅಷ್ಟರಲ್ಲಿ ಆ್ಯಪ್ ಅವರನ್ನು ಎರಡು ಪುಸ್ತಕ ಹಿಂದಿದ್ದೀರೆಂದು ಎಚ್ಚರಿಸಿ ಆಗಿರುತ್ತದೆ. ನಿಜಕ್ಕೂ ಅವರು ಗುರಿಗಿಂತ ಮುಂದಿದ್ದಾರೆ. ದಪ್ಪ ಪುಸ್ತಕ ಮುಂದಕ್ಕೆ ಹೋಗುವುದು, ನೀಳ್ಗತೆಗಳು ರಾಶಿ ಬೀಳುವುದು, ಡಿಸೆಂಬರಿನಲ್ಲಿ ಮಕ್ಕಳ ಚಿತ್ರಪುಸ್ತಕಗಳು ಇದ್ದಕ್ಕಿದ್ದಂತೆ ಪಟ್ಟಿಗೆ ಬರುವುದು, ಎಲ್ಲ ಈ ಒಂದು ಸಾಲಿನ ಮಹಿಮೆ. ಮೂರು ಭಾಗಗಳ ಕೃತಿಯನ್ನು ಒಂದೇ ಸಂಪುಟದಲ್ಲಿ ಓದಿದರೆ ಒಂದು, ಬಿಡಿ ಪುಸ್ತಕಗಳಾಗಿ ಓದಿದರೆ ಮೂರು. ಸಾಲು ಕಾಡುತ್ತದೆಂದಾದರೆ ನೇರ ಉಪಾಯ: ನಿಜವಾದ ಗುರಿಯನ್ನು ಬೇರೆಲ್ಲಾದರೂ ಇಟ್ಟುಕೊಂಡು ಗುಡ್‌ರೀಡ್ಸ್‌ನಲ್ಲಿ ಅದರ ಮೂರನೇ ಒಂದು ಭಾಗ ಬರೆಯಿರಿ.

ರೇಟಿಂಗ್‌ನಲ್ಲಿ ಅರ್ಧ ನಕ್ಷತ್ರವಿಲ್ಲ, ವರ್ಷಾಂತ್ಯದ ಅಂಕಿಅಂಶವೂ ತೆಳು. ಇಂಗ್ಲಿಷಲ್ಲದ ಭಾಷೆಗಳ ಪುಸ್ತಕಗಳಲ್ಲಿ ಒಂದೇ ಕೃತಿ ಒಮ್ಮೆ ಸ್ವಂತ ಲಿಪಿಯಲ್ಲಿ, ಇನ್ನೊಮ್ಮೆ ರೋಮನ್ ಅಕ್ಷರಗಳ ನಾಲ್ಕು ಬಗೆಯ ಕಾಗುಣಿತದಲ್ಲಿ ಸಿಗುತ್ತದೆ. ಆದ್ದರಿಂದ ಹೆಸರು ಹುಡುಕುವ ಬದಲು ಪುಸ್ತಕದ ಹಿಂಬದಿಯ 13 ಅಂಕಿಯ ಐಎಸ್‌ಬಿಎನ್ (ಆವೃತ್ತಿಯ ಗುರುತು ಸಂಖ್ಯೆ) ಹಾಕಿ ಹುಡುಕುವುದು ಲೇಸು. ಗೆಳೆಯರು ಏನು ಓದುತ್ತಿದ್ದಾರೆ, ಎಲ್ಲಿ ನಿಲ್ಲಿಸಿದರು, ಯಾವುದಕ್ಕೆ ಬೈದರು, ಇದೆಲ್ಲ ಒಂದೇ ಕಡೆ ಕಾಣುವುದು ಇದರ ದೊಡ್ಡ ಬಲ. ಅದನ್ನು ಬೇರೆ ಯಾರೂ ಇನ್ನೂ ಮುಟ್ಟಿಲ್ಲ.

ಸ್ಟೋರಿಗ್ರಾಫ್

ನಾದಿಯಾ ಒಡುನಾಯೋ 2019ರಲ್ಲಿ ಶುರುಮಾಡಿದ ಸೇವೆ. ಪುಸ್ತಕ, ಪುಟ, ಗಂಟೆ ಮೂರಕ್ಕೂ ಬೇರೆ ಬೇರೆ ಗುರಿ ಇಡಬಹುದು. ಗಂಟೆ ಆಡಿಯೋಬುಕ್‌ಗೆ, ಪುಟ ಉಳಿದದ್ದಕ್ಕೆ. ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಬೇಡ, ಯಾವುದಾದರೊಂದು ಸದಾ ಹಿಂದೆ ಬಿದ್ದು ಗೊಣಗುತ್ತಿರುತ್ತದೆ. 24 ಪುಸ್ತಕ ಓದಬೇಕೆಂದಿರುವವರು ಪುಸ್ತಕದ ಗುರಿ ಖಾಲಿ ಬಿಟ್ಟು ಪುಟದ ಗುರಿ 7,200 ಎಂದು ಬರೆಯುವುದು ಸಾಕು. ಆಗ 900 ಪುಟದ ಕಾದಂಬರಿಗೆ ಮೂರು ಪುಸ್ತಕದ ತೂಕ ಸಿಗುತ್ತದೆ, ಹೆದರಿಕೆ ಹೋಗುತ್ತದೆ.

ಪುಟದ ಗುರಿ ಕೆಲಸ ಮಾಡಬೇಕಾದರೆ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು ಆವೃತ್ತಿ. ಒಂದೇ ಕೃತಿಯ ಮುದ್ರಣಗಳ ನಡುವೆ ಪುಟಗಳ ಸಂಖ್ಯೆಯಲ್ಲಿ ನೂರರ ಮೇಲೂ ವ್ಯತ್ಯಾಸ ಬರಬಹುದು. ಆಡಿಯೋ ಆವೃತ್ತಿ ಆರಿಸಿ ಅಚ್ಚಿನ ಪುಸ್ತಕ ಓದಿದರೆ ಲೆಕ್ಕ ಗಂಟೆಗೆ ಹೋಗುತ್ತದೆ, ಪುಟಕ್ಕೆ ಸೊನ್ನೆ. ಓದಲು ಶುರುಮಾಡುವ ದಿನವೇ ಕೈಯಲ್ಲಿರುವ ಪ್ರತಿಯ ಆವೃತ್ತಿ ಆರಿಸಿಬಿಡಿ. ಪಟ್ಟಿಯಲ್ಲಿ ಇಲ್ಲದಿದ್ದರೆ ನೀವೇ ಸೇರಿಸಬಹುದು: ಹೆಸರು, ಲೇಖಕರು, ಐಎಸ್‌ಬಿಎನ್, ಪುಟ, ಭಾಷೆ. ಕನ್ನಡ ಓದುವವರಿಗೆ ಈ ಕೆಲಸ ಆಗಾಗ ಬೀಳುತ್ತದೆ, ಒಮ್ಮೆ ಮಾಡಿಟ್ಟರೆ ಮುಂದಿನವರಿಗೂ ಉಪಕಾರ. ಎರಡನೆಯದು, ದಿನದ ದಾಖಲೆ. 10 ದಿನಕ್ಕೊಮ್ಮೆ ಒಟ್ಟಾಗಿ ಪುಟ ಹಾಕಿದರೆ ಎಲ್ಲವೂ ಹಾಕಿದ ದಿನದ ಲೆಕ್ಕಕ್ಕೇ ಹೋಗಿ, ತಿಂಗಳ ಗ್ರಾಫ್‌ನಲ್ಲಿ ಒಂದು ದಿನ ಗುಡ್ಡ, ಒಂಬತ್ತು ದಿನ ಬಯಲು.

ಅರ್ಧಕ್ಕೆ ಬಿಡುವುದನ್ನು ಇದು ಗೌರವದಿಂದ ನಡೆಸಿಕೊಳ್ಳುತ್ತದೆ. ‘ಡಿಡ್ ನಾಟ್ ಫಿನಿಶ್’ ಎಂಬ ಗುರುತು ಮೊದಲಿನಿಂದಲೇ ಜೊತೆಗಿದೆ. ಎಲ್ಲಿ ಬಿಟ್ಟಿರಿ ಎಂದು ನಮೂದಿಸಿದರೆ ಪುಸ್ತಕ ಎಣಿಕೆಗೆ ಬರುವುದಿಲ್ಲ, ಓದಿದ ಪುಟಗಳು ಬರುತ್ತವೆ. ಸೊಗಸಿಲ್ಲದ ಪುಸ್ತಕವನ್ನು ‘ಗುರಿ ಹಾಳಾಗುತ್ತದೆ’ ಎಂಬ ಒಂದೇ ಕಾರಣಕ್ಕೆ ಎಳೆದುಕೊಂಡು ಹೋಗುವ ಕಷ್ಟ ಇಲ್ಲಿ ತಪ್ಪುತ್ತದೆ. ಚಾಲೆಂಜ್ ಕೈಬಿಟ್ಟವರನ್ನು ಕೇಳಿ ನೋಡಿ, ಬಹುಪಾಲು ಜನ ಸಿಕ್ಕಿಬಿದ್ದದ್ದು ಓದಲೂ ಆಗದ, ಬಿಡಲೂ ಆಗದ ಯಾವುದೋ ಒಂದು ಪುಸ್ತಕದಲ್ಲೇ ಇರುತ್ತದೆ.

ಅಂಕಿಅಂಶದ ಪುಟ ಶ್ರೀಮಂತವಾಗಿದೆ. ಪುಸ್ತಕಗಳ ಮನೋಭಾವ, ನಿಧಾನ-ಮಧ್ಯಮ-ವೇಗ ಎಂಬ ಗತಿ, 300ಕ್ಕಿಂತ ಕಡಿಮೆ, 300ರಿಂದ 499, 500ರ ಮೇಲೆ ಎಂಬ ಗಾತ್ರ, ಕಥೆ ಮತ್ತು ಕಥೆಯಲ್ಲದ್ದರ ಪಾಲು ಎಲ್ಲವೂ ಚಿತ್ರವಾಗಿ ಬರುತ್ತವೆ. ಆದರೆ ಮನೋಭಾವ, ಗತಿ ಓದುಗರು ಕೊಟ್ಟ ಉತ್ತರಗಳ ಮೇಲೆ ನಿಂತಿವೆ. ಕಡಿಮೆ ಜನ ಓದಿದ ಪುಸ್ತಕಕ್ಕೆ ಅವು ಖಾಲಿ ಇರುತ್ತವೆ ಅಥವಾ ಒಬ್ಬಿಬ್ಬರ ಅಭಿಪ್ರಾಯವಾಗಿರುತ್ತವೆ. ರೇಟಿಂಗ್ ಕಾಲು ನಕ್ಷತ್ರದವರೆಗೂ ಇಳಿಯುತ್ತದೆ, 3.75ಕ್ಕೂ 4ಕ್ಕೂ ನಡುವೆ ಏನಿದೆ ಎಂದು ತಲೆಕೆಡಿಸಿಕೊಳ್ಳುವವರಿಗೆ ಹಬ್ಬ. ಹಣ ಕೊಟ್ಟು ಪಡೆಯುವ ಪ್ಲಸ್ ಯೋಜನೆಯಲ್ಲಿ ಹೆಚ್ಚಿನ ಚಾರ್ಟ್‌ಗಳು, ವರ್ಷದಿಂದ ವರ್ಷಕ್ಕೆ ಹೋಲಿಕೆ ಸಿಗುತ್ತವೆ. ಚಾಲೆಂಜ್‌ಗಾಗಿ ಅದು ಬೇಕಿಲ್ಲ, ಗುರಿ ಇಡುವುದು, ಪಟ್ಟಿ ಚಾಲೆಂಜ್ ಸೇರುವುದು ಉಚಿತ ಖಾತೆಯಲ್ಲೇ ಆಗುತ್ತದೆ.

ಗೆಳೆಯರ ಓಡಾಟ ಕಡಿಮೆ ಎಂಬುದು ನಿಜ. ಜೊತೆಯಾಗಿ ಓದುವ ‘ಬಡ್ಡಿ ರೀಡ್’ ಮಾತ್ರ ಚೆನ್ನಾಗಿದೆ: ಒಬ್ಬರು 180ನೇ ಪುಟಕ್ಕೆ ಬರೆದ ಮಾತು, ಇನ್ನೊಬ್ಬರು ಆ ಪುಟ ತಲುಪುವವರೆಗೆ ಮುಚ್ಚಿಕೊಂಡೇ ಇರುತ್ತದೆ.

ಗುಡ್‌ರೀಡ್ಸ್‌ನಿಂದ ಇಲ್ಲಿಗೆ ಬರುವವರು ಅಲ್ಲಿನ ‘ಎಕ್ಸ್‌ಪೋರ್ಟ್’ನಿಂದ ಸಿಎಸ್‌ವಿ ಕಡತ (ಸಾಲು-ಕಾಲಂಗಳ ಸರಳ ಪಠ್ಯ ಕೋಷ್ಟಕ) ಇಳಿಸಿಕೊಂಡು ಇಲ್ಲಿ ಏರಿಸಬೇಕು. 2020ರ ಡಿಸೆಂಬರಿನಿಂದ ಗುಡ್‌ರೀಡ್ಸ್ ಹೊಸಬರಿಗೆ ಎಪಿಐ ಕೀಲಿ (ಬೇರೆ ಆ್ಯಪ್ ನೇರವಾಗಿ ಮಾಹಿತಿ ಪಡೆಯುವ ಅನುಮತಿ) ಕೊಡುವುದನ್ನು ನಿಲ್ಲಿಸಿರುವುದರಿಂದ ಎರಡು ಆ್ಯಪ್‌ಗಳು ತಾವೇ ಮಾತಾಡಿಕೊಳ್ಳುತ್ತವೆಂಬ ಆಸೆ ಇಟ್ಟುಕೊಳ್ಳಬಾರದು. ಆ ಕಡತದಲ್ಲಿ ಓದಲು ಶುರುಮಾಡಿದ ದಿನಾಂಕ ಬರುವುದಿಲ್ಲ. ಮರುಓದುಗಳ ಸಂಖ್ಯೆ ಬರುತ್ತದೆ, ಪ್ರತಿಯೊಂದರ ದಿನಾಂಕ ಬರುವುದಿಲ್ಲ. ಕಡತವನ್ನು ನಡುವೆ ಎಕ್ಸೆಲ್‌ನಲ್ಲಿ ತೆರೆದು ಉಳಿಸಬೇಡಿ: ಯೂನಿಕೋಡ್ ಎಂದು ಹೇಳದೆ ತೆರೆದರೆ ಕನ್ನಡ ಹೆಸರುಗಳು ಗೋಜಲು ಚಿಹ್ನೆಗಳಾಗುತ್ತವೆ, 13 ಅಂಕಿಯ ಐಎಸ್‌ಬಿಎನ್ ಘಾತಸಂಖ್ಯೆಯ ರೂಪಕ್ಕೆ ತಿರುಗಿ ಕೊನೆಯ ಅಂಕಿಗಳನ್ನು ಕಳೆದುಕೊಳ್ಳಬಹುದು. ಹಾಗೆ ಕೆಟ್ಟ ಕಡತ ಏರಿಸಿದರೆ ಯಾವ್ಯಾವುದೋ ಪುಸ್ತಕ ಬಂದು ಕೂರುತ್ತದೆ. ಇಳಿಸಿದ ಮೂಲ ಕಡತವನ್ನೇ ಏರಿಸಿ, ನೋಡಬೇಕೆಂದಿದ್ದರೆ ಪ್ರತಿ ಮಾಡಿಕೊಂಡು ನೋಡಿ.

ಆ್ಯಪಲ್ ಬುಕ್ಸ್

ಇದರ ಗುರಿ ದಿನದ ನಿಮಿಷಗಳದ್ದು. ಏನೂ ಬದಲಿಸದಿದ್ದರೆ ದಿನಕ್ಕೆ 5 ನಿಮಿಷ, ವರ್ಷಕ್ಕೆ 3 ಪುಸ್ತಕ. ನಗು ಬರುವಷ್ಟು ಸಣ್ಣದು, ಆದರೆ ಓದು ಪೂರ್ತಿ ಬಿಟ್ಟುಹೋಗಿರುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಕಾಣುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಹೊಸ ನಡವಳಿಕೆಯೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು, ಜನರಿಂದ ಜನರಿಗೆ ಅದು 18ರಿಂದ 254ರವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥ ನಷ್ಟವೇನೂ ಆಗಲಿಲ್ಲ ಎಂಬುದೂ ಅಲ್ಲೇ ಕಂಡದ್ದು. ಸತತ ದಿನಗಳ ಸರಪಳಿ ಕಡಿದೊಡನೆ ಆ್ಯಪ್ ತೋರಿಸುವ ಸೊನ್ನೆಯನ್ನು ನೋಡಿ ಚಾಲೆಂಜನ್ನೇ ಕೈಬಿಡುವವರು ಇದನ್ನು ನೆನಪಿಡಬೇಕು.

ತೊಡಕು ಏನೆಂದರೆ, ಈ ಆ್ಯಪ್‌ನ ಒಳಗೆ ಓದಿದ ಹೊತ್ತು ಮಾತ್ರ ಇದಕ್ಕೆ ಕಾಣುತ್ತದೆ. ಅಚ್ಚಿನ ಪುಸ್ತಕ ಕೈಯಲ್ಲಿ ಹಿಡಿದವರಿಗೆ ಉಪಯೋಗವಿಲ್ಲ. ಪಿಡಿಎಫ್ ಓದುವವರು ಅದನ್ನು ಗುರಿಗೆ ಸೇರಿಸುವ ಸೆಟ್ಟಿಂಗ್ ಆನ್ ಇದೆಯೇ ಎಂದು ನೋಡಿಕೊಳ್ಳಬೇಕು. ಕಿಂಡಲ್‌ನ ದಿನ-ವಾರಗಳ ಸರಪಳಿಗೂ ಇದೇ ಮಿತಿ, ತನ್ನ ಅಂಗಳದ ಓದು ಮಾತ್ರ ಲೆಕ್ಕಕ್ಕೆ.

ಪಟ್ಟಿ ಕೊಡುವ ಚಾಲೆಂಜ್‌ಗಳು

ಬುಕ್ ರಯಟ್‌ನ ‘ರೀಡ್ ಹಾರ್ಡರ್’ 2015ರಲ್ಲಿ ಶುರುವಾಯಿತು. ವರ್ಷಕ್ಕೆ 24 ಕೆಲಸ, ಅಂದರೆ ತಿಂಗಳಿಗೆ ಎರಡು. ಪಾಪ್‌ಶುಗರ್‌ನದ್ದೂ ಅದೇ ವರ್ಷದ್ದು, ಅದರ ಪಟ್ಟಿ ಸಾಮಾನ್ಯವಾಗಿ 50ರದ್ದು: 40 ಮುಖ್ಯ, 10 ಹೆಚ್ಚಿನವು. ವಾರಕ್ಕೊಂದರಂತೆ 52 ಕೊಡುವ ‘52 ಬುಕ್ ಕ್ಲಬ್’ ಕೂಡ ಹೆಸರು ಮಾಡಿದೆ. ಇವುಗಳಲ್ಲಿ ಬುಕ್ ರಯಟ್‌ನದ್ದೇ ಮೇಲು. ಸಂಖ್ಯೆ ಸಣ್ಣದು ಎಂಬುದಷ್ಟೇ ಕಾರಣವಲ್ಲ. ಒಂದೇ ಪುಸ್ತಕವನ್ನು ಎರಡು-ಮೂರು ಕೆಲಸಗಳಿಗೆ ಹಾಕಿಕೊಳ್ಳಲು ಅವರೇ ಒಪ್ಪಿಗೆ ಕೊಡುತ್ತಾರೆ, ಹಾಗಾಗಿ 24 ಕೆಲಸ 14-15 ಪುಸ್ತಕದಲ್ಲಿ ಮುಗಿದರೂ ಮೋಸವಲ್ಲ.

ಪಟ್ಟಿ ಚಾಲೆಂಜ್‌ನ ಗುಣ ಗೊತ್ತಾಗುವುದು ಅದರ ಸಾಲುಗಳಿಂದ. ‘ಅನುವಾದಿತ ನಾಟಕ’, ‘ಲೇಖಕರ ಮೊದಲ ಕೃತಿ’, ‘ನಿಮಗೆ ಪರಿಚಯವಿಲ್ಲದ ವಿಜ್ಞಾನ ಶಾಖೆಯ ಪುಸ್ತಕ’ ಎಂಬಂಥ ಸಾಲುಗಳು ಓದುಗರನ್ನು ಹೊಸ ಬೀದಿಗೆ ಕರೆದೊಯ್ಯುತ್ತವೆ. ‘ಮುಖಪುಟ ಹಸಿರಾಗಿರುವ ಪುಸ್ತಕ’, ‘ಹೆಸರಲ್ಲಿ ಅಂಕಿ ಇರುವ ಪುಸ್ತಕ’ ಎಂಬಂಥವು ಎಲ್ಲಿಗೂ ಕರೆದೊಯ್ಯುವುದಿಲ್ಲ, ಹೇಗಿದ್ದರೂ ಓದುತ್ತಿದ್ದ ಪುಸ್ತಕಕ್ಕೆ ಒಂದು ಚೀಟಿ ಅಂಟಿಸುತ್ತವೆ ಅಷ್ಟೆ. ಪಟ್ಟಿ ಸೇರುವ ಮೊದಲು ಒಮ್ಮೆ ಓದಿ, ಎರಡನೆಯ ಬಗೆಯವು ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಬಿಟ್ಟುಬಿಡಿ. ಇವು ಇಂಗ್ಲಿಷ್ ಪುಸ್ತಕಲೋಕವನ್ನು ಮನಸ್ಸಿನಲ್ಲಿಟ್ಟು ಬರೆದ ಪಟ್ಟಿಗಳು ಎಂಬುದೂ ನೆನಪಿರಲಿ. ಅಲ್ಲಿನ ಉಪಪ್ರಕಾರಗಳ ಹೆಸರು ಬೇರೆ ಭಾಷೆಯಲ್ಲಿ ಇಲ್ಲದಿದ್ದಾಗ ಸಾಲಿನ ಉದ್ದೇಶ ಹಿಡಿದು ಹತ್ತಿರದ ಪುಸ್ತಕ ಹಾಕಿಕೊಳ್ಳಿ. ಇದರಲ್ಲಿ ಬಂದು ಪರಿಶೀಲಿಸುವ ತೀರ್ಪುಗಾರರು ಯಾರೂ ಇಲ್ಲ.

ತುಂಬಿಸುವ ಕ್ರಮ ಮುಖ್ಯ. ಮೊದಲು ಮನೆಯಲ್ಲಿ ಓದದೆ ಉಳಿದ ಪುಸ್ತಕಗಳನ್ನು ಸಾಲುಗಳ ಎದುರು ಬರೆಯಿರಿ, ಸಾಮಾನ್ಯವಾಗಿ ಅರ್ಧ ಪಟ್ಟಿ ಅಲ್ಲೇ ತುಂಬುತ್ತದೆ. ಉಳಿದ ಸಾಲುಗಳಿಗೆ ಒಂದಲ್ಲ, ಎರಡೆರಡು ಹೆಸರು ಹುಡುಕಿ, ಒಂದು ಸಿಗದಿದ್ದರೆ ಅಥವಾ ಹಿಡಿಸದಿದ್ದರೆ ಇನ್ನೊಂದು ಇರಲಿ. ಗ್ರಂಥಾಲಯದಲ್ಲಿ ಕಾಯ್ದಿರಿಸಬೇಕಾದವನ್ನು ಜನವರಿಯಲ್ಲೇ ಕಾಯ್ದಿರಿಸಿ, ಏಕೆಂದರೆ ಅದೇ ಪಟ್ಟಿಯ ಅದೇ ಸಾಲಿಗೆ ಅದೇ ಪುಸ್ತಕ ಹುಡುಕುತ್ತಿರುವವರು ಸಾವಿರಾರು ಜನ. ಮನಸ್ಸಿಲ್ಲದ ಸಾಲುಗಳನ್ನು ಏಪ್ರಿಲ್ ಒಳಗೆ ಮುಗಿಸಿ. ಸುಲಭದವನ್ನೆಲ್ಲ ಮೊದಲು ಓದಿ ಅಕ್ಟೋಬರಿಗೆ ಬಂದು ನಿಂತವರ ಎದುರು ಇಷ್ಟವಿಲ್ಲದ ಎಂಟು ಪುಸ್ತಕ ಸಾಲಾಗಿ ಕೂತಿರುತ್ತವೆ, ಪಟ್ಟಿ ಚಾಲೆಂಜ್‌ಗಳು ಸಾಯುವ ಜಾಗ ಅದು. ಒಟ್ಟು ಓದಿನಲ್ಲಿ ಪಟ್ಟಿಯ ಪಾಲು ಅರ್ಧ ದಾಟದಿರಲಿ. ವರ್ಷಕ್ಕೆ 20 ಪುಸ್ತಕ ಓದುವವರಿಗೆ 8ರಿಂದ 10 ಸಾಲು ಸಾಕು. 24ರಲ್ಲಿ ಬೇಕಾದ 10 ಆರಿಸಿ ಸ್ಟೋರಿಗ್ರಾಫ್‌ನಲ್ಲಿ ಸ್ವಂತ ಚಾಲೆಂಜ್ ಮಾಡಿಕೊಳ್ಳಬಹುದು. ಬಿಂಗೋ ಚೀಟಿಯ ಚಾಲೆಂಜ್‌ಗಳಲ್ಲಿ 25 ಚೌಕವಿದ್ದರೂ ಒಂದು ಸಾಲಿನ ಐದು ಮುಗಿದರೆ ಗೆದ್ದಂತೆ, ಮೊದಲ ಬಾರಿಗೆ ಪಟ್ಟಿಯ ರುಚಿ ನೋಡುವವರಿಗೆ ಅದು ಹದವಾದದ್ದು.

ಸ್ಪ್ರೆಡ್‌ಶೀಟ್

ಆ್ಯಪ್ ಬದಲಾಗುತ್ತದೆ, ಮುಚ್ಚಿಹೋಗುತ್ತದೆ, ಹೊಸ ಮಾಲೀಕರ ಕೈಗೆ ಹೋಗುತ್ತದೆ. ಲೆಕ್ಕ ಹತ್ತು ವರ್ಷ ಉಳಿಯಬೇಕೆಂದಿರುವವರು ಇದನ್ನು ಜೊತೆಗಿಟ್ಟುಕೊಳ್ಳಲೇಬೇಕು. ಕಾಲಂಗಳು ಒಂಬತ್ತು ಸಾಕು: ಹೆಸರು, ಲೇಖಕರು, ಅನುವಾದಕರು, ಭಾಷೆ, ರೂಪ (ಅಚ್ಚು, ಇ-ಪುಸ್ತಕ, ಆಡಿಯೋ), ಓದಿದ ಪುಟ, ಶುರುವಾದ ದಿನ, ಮುಗಿದ ಅಥವಾ ಬಿಟ್ಟ ದಿನ, ಒಂದು ಸಾಲಿನ ಅಭಿಪ್ರಾಯ. ಹದಿನೈದು ಕಾಲಂ ಹಾಕಿದ ಶೀಟ್‌ಗಳು ಮಾರ್ಚ್ ದಾಟುವುದಿಲ್ಲ, ತುಂಬಿಸುವುದೇ ಬೇಸರವಾಗುತ್ತದೆ.

ಎರಡು ಸೂತ್ರ ಬೇಕು. ಓದಿದ ಪುಟಗಳ ಮೊತ್ತವನ್ನು 300ರಿಂದ ಭಾಗಿಸಿದರೆ ‘ಸಮಾನ ಪುಸ್ತಕ’ಗಳ ಸಂಖ್ಯೆ. ಗುರಿಯ ಸಂಖ್ಯೆಯನ್ನು ವರ್ಷದ ಕಳೆದ ದಿನಗಳಿಂದ ಗುಣಿಸಿ 365ರಿಂದ ಭಾಗಿಸಿದರೆ ಇವತ್ತಿಗೆ ಎಷ್ಟಾಗಿರಬೇಕಿತ್ತೆಂಬುದು. ಎರಡರ ವ್ಯತ್ಯಾಸವೇ ನೀವು ಮುಂದಿದ್ದೀರೋ ಹಿಂದಿದ್ದೀರೋ ಎಂಬ ನ್ಯಾಯವಾದ ಉತ್ತರ. ಆಡಿಯೋ ಪುಸ್ತಕಕ್ಕೆ ಅದರ ಅಚ್ಚಿನ ಆವೃತ್ತಿಯ ಪುಟವನ್ನೇ ಹಾಕಿ, ಅಚ್ಚು ಇಲ್ಲದಿದ್ದರೆ ಮಾಮೂಲಿ ವೇಗದ ಗಂಟೆಯನ್ನು 33ರಿಂದ ಗುಣಿಸಿ. ಕವಿತೆಗೆ ಈ ಲೆಕ್ಕ ಹೊಂದುವುದಿಲ್ಲ. 80 ಪುಟದ ಕವನಸಂಕಲನವನ್ನು 80 ಎಂದು ಬರೆಯುವುದು ಅನ್ಯಾಯ, ಅದಕ್ಕೆ ಮೂರು ಪಟ್ಟು ತೂಕ ಕೊಡುವುದು ನಮ್ಮ ಸಲಹೆ. ಯಾವ ಆ್ಯಪ್‌ನಲ್ಲೂ ಸಿಗದ ಸೌಲಭ್ಯ ಇದು, ನಿಯಮ ನಿಮ್ಮದೇ.

ಕಾಗದದ ಡೈರಿ ಇಷ್ಟಪಡುವವರಿಗೆ ಇದೇ ಒಂಬತ್ತು ಕಾಲಂ ನಡೆಯುತ್ತದೆ, ಸೂತ್ರದ ಬದಲು ತಿಂಗಳಿಗೊಮ್ಮೆ ಕೂಡಬೇಕು ಅಷ್ಟೆ. ಬಣ್ಣ ತುಂಬುವ 365 ಚೌಕದ ಹಾಳೆಗಳು ನೋಡಲು ಚೆಂದ. ಆದರೆ ಎರಡು ಪುಟ ಓದಿದ ದಿನಕ್ಕೂ ಅರವತ್ತು ಓದಿದ ದಿನಕ್ಕೂ ಅಲ್ಲಿ ಒಂದೇ ಬಣ್ಣ.

ವರ್ಷದ ಕೊನೆಯ ವಾರದ ಒಂದು ತಾಂತ್ರಿಕ ವಿಷಯ. ಡಿಸೆಂಬರ್ 31ಕ್ಕೆ ಅರ್ಧದಲ್ಲಿರುವ ಪುಸ್ತಕ ಗುಡ್‌ರೀಡ್ಸ್‌ನಲ್ಲಿ ಪೂರ್ತಿಯಾಗಿ ಮುಂದಿನ ವರ್ಷಕ್ಕೆ ಹೋಗುತ್ತದೆ, ಮುಗಿಸಿದ ದಿನಾಂಕವೇ ಅಲ್ಲಿ ಎಲ್ಲವನ್ನೂ ತೀರ್ಮಾನಿಸುವುದರಿಂದ. ಸ್ಟೋರಿಗ್ರಾಫ್‌ನಲ್ಲಿ ದಿನದಿನದ ಪುಟ ನಮೂದಿಸಿದ್ದರೆ ಓದಿದಷ್ಟು ಪುಟ ಹಳೆಯ ವರ್ಷಕ್ಕೆ, ಉಳಿದದ್ದು ಹೊಸದಕ್ಕೆ ಹಂಚಿಹೋಗುತ್ತವೆ, ಪುಸ್ತಕದ ಎಣಿಕೆ ಮಾತ್ರ ಹೊಸ ವರ್ಷದ್ದು. ಆದ್ದರಿಂದ 31ರ ರಾತ್ರಿ ಮಲಗುವ ಮುಂಚೆ ಆ ದಿನ ನಿಂತ ಪುಟ ಹಾಕಿ. ಹಿಂದಿನ ವರ್ಷದ ದಿನಾಂಕಗಳನ್ನೆಲ್ಲ ಸರಿಪಡಿಸಿಕೊಂಡು ಜನವರಿಯ ಮೊದಲ ವಾರದಲ್ಲಿ ಎರಡೂ ಕಡೆಯಿಂದ ಸಿಎಸ್‌ವಿ ಇಳಿಸಿ, ಕಡತದ ಹೆಸರಲ್ಲಿ ವರ್ಷ ಬರೆದು ಎತ್ತಿಡಿ. ಹೊಸ ಗುರಿಯ ಸಂಖ್ಯೆಯನ್ನು ಆಮೇಲೆ ಹಾಕಿದರೂ ನಡೆಯುತ್ತದೆ, ಅದಕ್ಕೆ ಜನವರಿ 1ರ ಗಡುವೇನೂ ಇಲ್ಲ.